ಬಂಕಿನ ಹತ್ತಿರದ ಬೋರು, ಪೆಟ್ರೋಲ್ ವಾಸನೆಯ ನೀರು

ಪ್ರಶ್ನೆ: ಸರ್, ನಮ್ಮದು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕು, ಹೆದ್ದಾರಿ ಪಕ್ಕದ ಊರು. ಮನೆ ಬೋರು 280 ಅಡಿ. ಎರಡು ತಿಂಗಳಿಂದ ಬೆಳಿಗ್ಗೆ ಮೋಟರ್ ಹಚ್ಚಿದ ಕೂಡಲೇ ಬರುವ ನೀರು ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಹತ್ತು ನಿಮಿಷ ಹರಿದ ಮೇಲೆ ಕಡಿಮೆಯಾಗುತ್ತದೆ. ನಮ್ಮಿಂದ ಬಂಕ್ ಸುಮಾರು 120 ಮೀಟರ್. ಅವರನ್ನು ಕೇಳಿದರೆ ‘ನಮ್ಮ ಟ್ಯಾಂಕ್ ಗಟ್ಟಿ ಇದೆ, ಲೆಕ್ಕದಲ್ಲಿ ಒಂದು ಲೀಟರ್ ಕೂಡ ಹೆಚ್ಚು ಕಡಿಮೆ ಇಲ್ಲ’ ಅಂತಾರೆ. ರಸ್ತೆಯ ಆ ಕಡೆ, ಬಂಕಿಗೆ ನಮಗಿಂತ ಹತ್ತಿರ ಇರುವ ಮನೆಯ ಬೋರು ಚೆನ್ನಾಗಿದೆ. ನೀರು ಟೆಸ್ಟ್ ಮಾಡಿಸಿದೆ, ಫ್ಲೋರೈಡ್ ಸ್ವಲ್ಪ ಜಾಸ್ತಿ, ಉಳಿದಿದ್ದೆಲ್ಲ ಸರಿ ಅಂತ ಬಂತು. ಕುದಿಸಿ ಕುಡಿಯಬಹುದಾ? ಇದು ಬಂಕಿನದೇ ಎಂದು ತಿಳಿಯುವುದು ಹೇಗೆ?

ಉತ್ತರ: ಕುದಿಸಬೇಡಿ. ಮೊದಲು ಇದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಪೆಟ್ರೋಲ್ ಸಾಯುವುದಿಲ್ಲ. ಅದು ನೀರಿನಿಂದ ಎದ್ದು ನಿಮ್ಮ ಅಡುಗೆಮನೆಯ ಗಾಳಿಗೆ ಸೇರುತ್ತದೆ, ಒಲೆ ಮುಂದೆ ನಿಂತವರು ಅದನ್ನೇ ಉಸಿರಾಡುತ್ತಾರೆ. ಅದೇ ಕಾರಣಕ್ಕೆ ಬಾಗಿಲು ಹಾಕಿಕೊಂಡು ಬಿಸಿನೀರು ಸ್ನಾನ ಮಾಡುವುದೂ ಬೇಡ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಸದ್ಯಕ್ಕೆ ನಲ್ಲಿ ನೀರೋ ಟ್ಯಾಂಕರ್ ನೀರೋ ತರಿಸಿಕೊಳ್ಳಿ. ದನಕ್ಕೂ ಇದನ್ನು ಕುಡಿಸಬೇಡಿ.

ಫ್ಲೋರೈಡಿಗೆಂದು ಮನೆಯಲ್ಲಿ ಆರ್‌ಓ ಹಾಕಿಸಿದ್ದರೆ ಅದನ್ನು ನಂಬಿಕೊಂಡು ಕೂರಬೇಡಿ. ಆರ್‌ಓ ಪೊರೆ ಉಪ್ಪನ್ನು, ಫ್ಲೋರೈಡನ್ನು ಚೆನ್ನಾಗಿ ತಡೆಯುತ್ತದೆ. ಬೆಂಜೀನ್‌ನಂಥ ಸಣ್ಣ ಕಣ ಅದರಲ್ಲಿ ಒಂದಿಷ್ಟು ನುಸುಳುತ್ತದೆ. ಅದನ್ನು ಹಿಡಿಯುವುದು ಇದ್ದಿಲಿನ ಫಿಲ್ಟರ್. ಆದರೆ ಮನೆ ಯಂತ್ರದಲ್ಲಿ ಇರುವ ಇದ್ದಿಲು ಒಂದು ಹಿಡಿ. ಅದು ತುಂಬಿ ಹೋದ ದಿನ ನಿಮಗೆ ಯಾವ ದೀಪವೂ ಹೊತ್ತಿ ಹೇಳುವುದಿಲ್ಲ.

ಇನ್ನೊಂದು ಮಾತು, ಇದು ಪ್ರಾಣದ ವಿಷಯ. ನೀರಿನಲ್ಲಿ ನಿಜವಾಗಲೂ ಪೆಟ್ರೋಲ್ ಇದೆಯಾ ಅಂತ ಬೆಂಕಿ ಕಡ್ಡಿ ಗೀರಿ ನೋಡುವವರು ಇದ್ದಾರೆ. ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಹೋಗಿ ಕೂರುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಇದ್ದರೆ ಸಾಕು, ಹೊತ್ತಿಕೊಳ್ಳುತ್ತದೆ. ನೆಲದೊಳಗಿನ ಸಂಪು, ತೆರೆದ ಬಾವಿ, ಬೋರಿನ ಪಕ್ಕದ ಸ್ಟಾರ್ಟರ್ ಪೆಟ್ಟಿಗೆ ಇರುವ ಸಣ್ಣ ಕೋಣೆ, ಇವೆಲ್ಲ ಕಡೆ ಎಚ್ಚರ. ವಾಸನೆ ಬರುತ್ತಿರುವ ಬಾವಿಗಾಗಲಿ ಸಂಪಿಗಾಗಲಿ ಯಾರನ್ನೂ ಇಳಿಸಬೇಡಿ.

ಈಗ ನಿಮ್ಮ ಟೆಸ್ಟ್ ರಿಪೋರ್ಟಿಗೆ ಬರೋಣ. ಅದು ಸುಳ್ಳಲ್ಲ. ಆದರೆ ನೀವು ಕೇಳಬೇಕಿದ್ದ ಪ್ರಶ್ನೆಯನ್ನು ಅದು ಮುಟ್ಟಿಯೇ ಇಲ್ಲ. ಸಾಮಾನ್ಯ ನೀರಿನ ಪರೀಕ್ಷೆಯಲ್ಲಿ ಟಿಡಿಎಸ್ ಅಂದರೆ ಕರಗಿದ ಒಟ್ಟು ಲವಣ, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಕ್ರಿಮಿ ಇಷ್ಟನ್ನು ನೋಡುತ್ತಾರೆ. ನಮ್ಮ ಕಡೆ ಜನ ಹೆಚ್ಚಾಗಿ ನೀರು ಟೆಸ್ಟ್ ಮಾಡಿಸುವುದೇ ಫ್ಲೋರೈಡಿಗಾಗಿ, ಅಲ್ವಾ? ಪೆಟ್ರೋಲ್ ಹುಡುಕುವ ಯಂತ್ರವೇ ಬೇರೆ. ಗ್ಯಾಸ್ ಕ್ರೊಮಟೋಗ್ರಾಫ್ ಇರುವ ಲ್ಯಾಬ್ ಬೇಕು. ಅಲ್ಲಿ ಬಿಟೆಕ್ಸ್ ಅಂತ ಕೇಳಬೇಕು. ಬೆಂಜೀನ್, ಟಾಲ್ವೀನ್, ಈಥೈಲ್ ಬೆಂಜೀನ್, ಜೈಲೀನ್ ಈ ನಾಲ್ಕರ ಗುಂಪಿಗೆ ಆ ಹೆಸರು. ಅದರ ಜೊತೆ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಪರೀಕ್ಷೆ, ಅಂದರೆ ಟಿಪಿಎಚ್.

ಈ ನಾಲ್ಕರಲ್ಲಿ ನಾವು ಹೆದರಬೇಕಾದದ್ದು ಬೆಂಜೀನಿಗೆ. ಅದು ರಕ್ತದ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಅನುಮಾನ ಉಳಿದಿಲ್ಲ. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನೂರು ಕೋಟಿ ಪಾಲಿನಲ್ಲಿ ಹತ್ತು ಪಾಲು. ಇದು ಎಷ್ಟು ಸಣ್ಣದು ಅಂತ ಒಂದು ಲೆಕ್ಕ ಮಾಡಿ ನೋಡೋಣ. ಈಗ ಬಂಕಿನಲ್ಲಿ ಸಿಗುವ ಬಿಎಸ್-6 ದರ್ಜೆಯ ಪೆಟ್ರೋಲಿನಲ್ಲಿ ಬೆಂಜೀನ್ ಹೆಚ್ಚೆಂದರೆ ನೂರಕ್ಕೆ ಒಂದು ಪಾಲು ಇರಬಹುದು. ಹಾಗಾದರೆ ಒಂದು ಲೀಟರ್ ಪೆಟ್ರೋಲಿನಲ್ಲಿ 10 ಮಿಲಿಲೀಟರ್, ತೂಕದಲ್ಲಿ ಸುಮಾರು 8.8 ಗ್ರಾಂ. ಅಷ್ಟೂ ನೀರಿಗೆ ಸೇರಿತು ಅಂದುಕೊಂಡರೆ 8 ಲಕ್ಷ 80 ಸಾವಿರ ಲೀಟರ್ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಲು ಅದು ಸಾಕು. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 176 ಟ್ಯಾಂಕರ್. ಬೈಕಿಗೆ ಹಾಕುವಾಗ ಚೆಲ್ಲಿದ್ದೆಲ್ಲ ಬೋರಿಗೆ ಹೋಗುವುದಿಲ್ಲ, ಬಹುಪಾಲು ಆವಿಯಾಗಿ ಹಾರಿ ಹೋಗುತ್ತದೆ. ನೆಲದೊಳಗೆ ಸೋರಿದ್ದು ಹಾರಿ ಹೋಗಲು ದಾರಿ ಕಮ್ಮಿ.

ಹಾಗೆಂದು ವಾಸನೆ ಬಂದ ಕೂಡಲೇ ಬಂಕಿನ ಕಡೆ ಬೊಟ್ಟು ಮಾಡಬೇಡಿ. ಯಲಬುರ್ಗಾ ಕಡೆ ಒಂದು ತೋಟಕ್ಕೆ ನನ್ನನ್ನು ಕರೆದಿದ್ದರು. ಬೋರಿನ ನೀರಿನ ಮೇಲೆ ಬಣ್ಣಬಣ್ಣದ ಪದರ, ಒಂಥರಾ ಎಣ್ಣೆ ವಾಸನೆ. ಊರಲ್ಲಿ ಆಗಲೇ ಎರಡು ಪಾರ್ಟಿ ಆಗಿದ್ದವು. ಮೋಟರ್ ಎತ್ತಿಸಿ ನೋಡಿದರೆ ಅದು ಎಣ್ಣೆ ತುಂಬುವ ಬಗೆಯ ಹಳೇ ಸಬ್‌ಮರ್ಸಿಬಲ್, ಸೀಲ್ ಹೋಗಿತ್ತು. ಬಂಕ್ ಎರಡು ಕಿಲೋಮೀಟರ್ ಆಚೆ! ಹೊಸದಾಗಿ ಕೊರೆಸಿದ ಬೋರಿನಲ್ಲೂ ಕೆಲವು ದಿನ ಎಣ್ಣೆ ಬರುತ್ತದೆ, ರಿಗ್ಗಿನ ಹ್ಯಾಮರಿಗೆ ಬಿಡುವ ಎಣ್ಣೆ ಅದು. ಕಂಪ್ರೆಸರ್ ಬೋರಾದರೆ ಕಂಪ್ರೆಸರಿನ ಎಣ್ಣೆ ಗಾಳಿಯ ಜೊತೆ ಇಳಿಯುತ್ತದೆ. ಹತ್ತಿರದಲ್ಲಿ ಗ್ಯಾರೇಜ್, ಲಾರಿ ತೊಳೆಯುವ ಜಾಗ, ಡೀಸೆಲ್ ಡ್ರಮ್ ಇಡುವ ಕ್ರಷರ್ ಇದ್ದರೆ ಅವೂ ಲೆಕ್ಕಕ್ಕೆ ಬರಬೇಕು.

ಮನೆಯಲ್ಲೇ ಮಾಡಬಹುದಾದ ಒಂದು ಸಣ್ಣ ಪರೀಕ್ಷೆ ಇದೆ. ಅಗಲ ಬಾಯಿಯ ಬಕೆಟಿನಲ್ಲಿ ನೀರು ಹಿಡಿದು ಹೊರಗೆ ಬಯಲಲ್ಲಿ ಅಲುಗಾಡದಂತೆ ಇಡಿ. ಮೇಲೆ ಬಣ್ಣದ ಪದರ ಕಂಡರೆ ಒಂದು ಕಡ್ಡಿಯಿಂದ ಮೆಲ್ಲಗೆ ಕೆದಕಿ. ಪದರ ಒಡೆದ ಹಪ್ಪಳದಂತೆ ಚೂರುಚೂರಾಗಿ, ಚೂರುಗಳು ಹಾಗೇ ದೂರ ದೂರ ನಿಂತರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸ, ಎಣ್ಣೆಯಲ್ಲ. ಕಡ್ಡಿ ತೆಗೆದ ಮೇಲೆ ಸುತ್ತಿ ಬಂದು ಮತ್ತೆ ಕೂಡಿಕೊಂಡರೆ ಎಣ್ಣೆ. ಬಣ್ಣದ ಪದರವೇ ಇಲ್ಲದಿದ್ದರೆ ಪೆಟ್ರೋಲ್ ಇಲ್ಲ ಅಂತ ಅರ್ಥವಲ್ಲ. ಕರಗಿದ ಬೆಂಜೀನ್ ಕಣ್ಣಿಗೆ ಕಾಣುವುದಿಲ್ಲ. ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚಿದ್ದಾಗಲೂ ಮೂಗಿಗೆ ಗೊತ್ತಾಗದೇ ಇರಬಹುದು.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಎರಡು ಸಂಗತಿ. ಬೆಳಿಗ್ಗೆ ವಾಸನೆ ಬಂದು ಹತ್ತು ನಿಮಿಷಕ್ಕೆ ಕಡಿಮೆಯಾಗುವುದು ಒಂದು. ಬಂಕಿಗೆ ಹತ್ತಿರದ ಬೋರು ಚೆನ್ನಾಗಿರುವುದು ಇನ್ನೊಂದು. ಎರಡನೆಯದನ್ನು ಬಂಕಿನವರು ತಮ್ಮ ಪರವಾಗಿ ಹೇಳುತ್ತಾರೆ. ಅದು ಯಾಕೆ ನಿಲ್ಲುವ ಮಾತಲ್ಲ ಎನ್ನುವುದಕ್ಕೆ ನಮ್ಮ ನೆಲ ಹೇಗಿದೆ ಅಂತ ನೋಡಬೇಕು.

ಕುಷ್ಟಗಿ, ಯಲಬುರ್ಗಾ ಕಡೆ ಹೆಚ್ಚಿನ ಭಾಗ ಮೇಲೆ ಒಂದಿಷ್ಟು ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಕರಗಿ ಮೆತ್ತಗಾದ ಕಲ್ಲು, ಆಮೇಲೆ ಗಟ್ಟಿ ಬಂಡೆ. ಗ್ರಾನೈಟು, ನೈಸು. ಬಂಡೆಯೊಳಗೆ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಪಾಯಿಂಟ್ ನೋಡುವವರು ‘ಸೆಲೆ’ ಅನ್ನುವುದು ಇದನ್ನೇ. ನಿಮ್ಮ ಹೊಲದಲ್ಲಿ ನೀರು ಬಿದ್ದು ಬದುವಿನ ಆಚೆ ಬರೀ ಧೂಳು ಬಂದದ್ದನ್ನು ನೀವೇ ನೋಡಿರುತ್ತೀರಿ. ನೀರಿಗೆ ಯಾವ ದಾರಿಯೋ ಪೆಟ್ರೋಲಿಗೂ ಅದೇ ದಾರಿ. 60 ಮೀಟರ್ ದೂರದ ಬೋರನ್ನು ಬಿಟ್ಟು 120 ಮೀಟರ್ ದೂರದ್ದಕ್ಕೆ ಬರುವುದು ಇಲ್ಲಿ ಸಹಜ.

1995ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಸೋರಿದ ಟ್ಯಾಂಕುಗಳ ದಾಖಲೆಗಳನ್ನು ಕೂಡಿಹಾಕಿ ನೋಡಿದ್ದರು. ಬೆಂಜೀನ್ ಹರಡಿದ್ದು ಹೆಚ್ಚಿನ ಕಡೆ 250 ಅಡಿ, ಅಂದರೆ 75 ಮೀಟರ್ ದಾಟಿರಲಿಲ್ಲ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ದಾರಿಯಲ್ಲೇ ತಿಂದು ಮುಗಿಸುತ್ತವೆ. ನಿಮ್ಮ ಮುಂದೆ ಯಾರಾದರೂ ಈ ಅಂಕಿ ಇಟ್ಟು ‘120 ಮೀಟರ್ ಬರಲು ಸಾಧ್ಯವೇ ಇಲ್ಲ’ ಅನ್ನಬಹುದು. ಆ ಲೆಕ್ಕ ಮರಳು, ಮಣ್ಣು ತುಂಬಿದ ನೆಲದ್ದು. ಅಲ್ಲಿ ನೀರು ದಿನಕ್ಕೆ ಅಂಗುಲಗಳ ಲೆಕ್ಕದಲ್ಲಿ ತೆವಳುತ್ತದೆ. ಬಂಡೆಯ ಬಿರುಕಿನಲ್ಲಿ ಹಾದಿ ಸಿಕ್ಕರೆ ದಿನಕ್ಕೆ ಮೀಟರುಗಟ್ಟಲೆ ಓಡುತ್ತದೆ. ತಿನ್ನುವ ಬ್ಯಾಕ್ಟೀರಿಯಾಗಳಿಗೆ ಸಮಯವೂ ಸಿಗುವುದಿಲ್ಲ, ಕೂರಲು ಜಾಗವೂ ಕಮ್ಮಿ. ಇನ್ನೊಂದು ಹೊಸ ತೊಡಕು ಪೆಟ್ರೋಲಿಗೆ ಬೆರೆಸುವ ಎಥನಾಲ್. ಈಗ ನೂರಕ್ಕೆ 20ರ ಹತ್ತಿರ ಬಂದಿದೆ. ಬ್ಯಾಕ್ಟೀರಿಯಾಕ್ಕೆ ಬೆಂಜೀನಿಗಿಂತ ಎಥನಾಲ್ ರುಚಿ. ಅದನ್ನು ಮೊದಲು ತಿಂದು ನೀರಿನಲ್ಲಿದ್ದ ಆಮ್ಲಜನಕವನ್ನು ಖಾಲಿ ಮಾಡುತ್ತವೆ, ಅಷ್ಟು ಹೊತ್ತು ಬೆಂಜೀನ್ ಮುಂದೆ ಮುಂದೆ ಹೋಗುತ್ತಿರುತ್ತದೆ.

ನೀರು ಯಾವ ಕಡೆ ಹರಿಯುತ್ತದೆ ಎನ್ನುವುದನ್ನು ನೆಲದ ಇಳಿಜಾರು ನೋಡಿ ಹೇಳುವುದು ಅಂದಾಜು. ಸರಿಯಾಗಿ ಹೇಳಲು ಕಡಿಮೆ ಎಂದರೆ ಮೂರು ಬೋರುಗಳಲ್ಲಿ ನೀರಿನ ಮಟ್ಟ ಅಳೆಯಬೇಕು. ಬಂಕಿನ ಬೋರು, ನಿಮ್ಮದು, ರಸ್ತೆ ಆಚೆಯದು ತೆಗೆದುಕೊಳ್ಳೋಣ. ಬರೀ ಉದಾಹರಣೆಗೆ ಹೇಳುತ್ತೇನೆ. ಬಂಕಿನ ಬೋರಿನ ಬಾಯಿಯನ್ನು 100 ಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ, ನೀರು 14.2 ಮೀಟರ್ ಆಳದಲ್ಲಿದೆ. ನಿಮ್ಮ ಬೋರಿನ ಬಾಯಿ 98.5, ನೀರು 13.6 ಮೀಟರ್ ಆಳ. ರಸ್ತೆ ಆಚೆಯದು 99.2, ನೀರು 12.9 ಆಳ. ಸುಮ್ನೆ ಆಳ ನೋಡಿದರೆ ಏನೂ ತಿಳಿಯುವುದಿಲ್ಲ. ಬಾಯಿಯ ಎತ್ತರದಿಂದ ಆಳ ಕಳೆಯಿರಿ. ಬಂಕಿನಲ್ಲಿ 85.8, ನಿಮ್ಮಲ್ಲಿ 84.9, ಆಚೆ ಮನೆಯಲ್ಲಿ 86.3 ಬರುತ್ತದೆ. ಆಚೆ ಮನೆಯ ನೀರು ಬಂಕಿಗಿಂತ ಅರ್ಧ ಮೀಟರ್ ಮೇಲಿದೆ, ನಿಮ್ಮದು ಸುಮಾರು ಒಂದು ಮೀಟರ್ ಕೆಳಗಿದೆ. ಹೀಗಿದ್ದರೆ ಬಂಕಿನಿಂದ ಹೊರಟದ್ದು ನಿಮ್ಮ ಕಡೆಗೇ ಬರಬೇಕು, ಅವರ ಕಡೆ ಹತ್ತುವುದಿಲ್ಲ. ಜೊತೆಗೆ ನೀವು ದಿನಾ ಮೋಟರ್ ಹಚ್ಚಿ ಎಳೆಯುತ್ತಿದ್ದರೆ ಅದನ್ನು ನೀವೇ ಕರೆದಂತೆ ಆಗುತ್ತದೆ.

ಈ ಅಳತೆಯನ್ನು ರಾತ್ರಿಯೆಲ್ಲ ಮೂರೂ ಮೋಟರ್ ಬಂದ್ ಇಟ್ಟು ಬೆಳಿಗ್ಗೆ ಒಂದೇ ಹೊತ್ತಿನಲ್ಲಿ ತೆಗೆಯಬೇಕು. ಬೋರಿನ ಬಾಯಿಗಳ ಎತ್ತರವನ್ನು ಸರ್ವೇ ಲೆವೆಲ್ ಹಿಡಿದು ನೋಡಬೇಕು, ಫೋನಿನ ಜಿಪಿಎಸ್ ಎತ್ತರ ಇದಕ್ಕೆ ಬರುವುದಿಲ್ಲ. ಪೈಪು, ಕೇಬಲ್ ಇರುವ ಬೋರಿಗೆ ನೀವೇ ಟೇಪ್ ಇಳಿಸಲು ಹೋಗಬೇಡಿ, ಸಿಕ್ಕಿಕೊಂಡರೆ ಮೋಟರ್ ಎತ್ತಬೇಕಾಗುತ್ತದೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯಕ್ಕೆ ಜಿಲ್ಲೆಯಲ್ಲಿ ಕಚೇರಿ ಇದೆ, ಭೂವಿಜ್ಞಾನಿಗಳಿದ್ದಾರೆ, ಮಟ್ಟ ಅಳೆಯುವುದು ಅವರ ದಿನದ ಕೆಲಸ. ನಮ್ಮ ಊರುಗಳಲ್ಲಿ ಇನ್ನೊಂದು ಅನುಕೂಲ ಇದೆ, ಅದೂ ದುಃಖದ ಅನುಕೂಲ. ಕೈಕೊಟ್ಟ ಬೋರುಗಳು ಬೇಕಾದಷ್ಟು. ಮೋಟರ್ ಎತ್ತಿಬಿಟ್ಟ, ತಳದಲ್ಲಿ ಸ್ವಲ್ಪ ನೀರು ಇರುವ ಬೋರು ನಿಮ್ಮ ಓಣಿಯಲ್ಲಿ ಇದ್ದರೆ ಅದು ಬಿಟ್ಟಿ ಸಿಕ್ಕ ವೀಕ್ಷಣಾ ಬಾವಿ, ಅಂದರೆ ನೀರಿನ ಮಟ್ಟ, ಗುಣ ನೋಡಲಿಕ್ಕೆಂದೇ ಇಡುವ ಬಾವಿ. ಮುಚ್ಚಿಸುವ ಮುನ್ನ ಭೂವಿಜ್ಞಾನಿಗೆ ತೋರಿಸಿ.

ಬೆಳಗಿನ ವಾಸನೆಗೆ ಬರುತ್ತೇನೆ. ಪೆಟ್ರೋಲ್ ನೀರಿಗಿಂತ ಹಗುರ. ಲೀಟರಿಗೆ ಮುಕ್ಕಾಲು ಕಿಲೋ ತೂಗುವುದಿಲ್ಲ ಅಂದರೂ ನಡೆದೀತು. ಸೋರಿದ್ದು ಕೆಳಗಿಳಿದು ಅಂತರ್ಜಲದ ಮೇಲೆ ಕೆನೆಯಂತೆ ನಿಲ್ಲುತ್ತದೆ. ಆ ಕೆನೆಗೆ ತಾಗಿದ ನೀರಿನಲ್ಲಿ ಬೆಂಜೀನ್ ಲೀಟರಿಗೆ 20 ಮಿಲಿಗ್ರಾಂ ಹತ್ತಿರ ಕರಗಬಹುದು, ಮಿತಿಯ ಎರಡು ಸಾವಿರ ಪಟ್ಟು. ನಿಮ್ಮ ಬೋರು ನೀರು ತೆಗೆದುಕೊಳ್ಳುವುದು ಆಳದ ಬಿರುಕಿನಿಂದ. ಮೇಲಿನ ನೀರು ಒಳಗೆ ಬರಬಾರದು ಅಂತಲೇ ಗಟ್ಟಿ ಕಲ್ಲು ಸಿಗುವ ತನಕ ಕೇಸಿಂಗ್ ಪೈಪ್ ಇಳಿಸುತ್ತಾರೆ. ಕೇಸಿಂಗ್ ಗಿಡ್ಡ ಇದ್ದರೆ, ಅಥವಾ ಕಲ್ಲಿಗೆ ಸರಿಯಾಗಿ ಕೂರದಿದ್ದರೆ, ಗರಸಿನ ಪದರದ ನೀರು ರಾತ್ರಿಯೆಲ್ಲ ಪೈಪಿನ ಹೊರಮೈ ಹಿಡಿದು ಜಿನುಗುತ್ತಾ ಬೋರಿಗೆ ಇಳಿಯುತ್ತದೆ. ಬೆಳಿಗ್ಗೆ ಮೊದಲು ಬರುವುದು ಆ ನೀರು. ಮೋಟರ್ ಓಡಿದ ಮೇಲೆ ಆಳದ ಸೆಲೆಯ ನೀರು ಜಾಸ್ತಿ ಬಂದು ಅದನ್ನು ತೆಳ್ಳಗೆ ಮಾಡುತ್ತದೆ. ಹಳೇ ಮೋಟರಿನ ಎಣ್ಣೆಯಾದರೂ ಹೀಗೇ ಮೊದಲು ಬಂದು ಆಮೇಲೆ ಕಡಿಮೆಯಾಗುತ್ತದೆ, ಅದಕ್ಕೇ ಮೋಟರ್ ಯಾವ ಬಗೆಯದು ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ಮೋಟರ್ ಎಣ್ಣೆಯ ವಾಸನೆ ಮಂದ, ಮೂಗಿಗೆ ರಪ್ಪನೆ ಹೊಡೆಯುವುದಿಲ್ಲ. ನೀವು ಪೆಟ್ರೋಲ್ ಅಂತಲೇ ಬರೆದಿದ್ದೀರಿ.

ಹಾಗಾಗಿ ನಿಮಗೆ ಎರಡು ಸ್ಯಾಂಪಲ್ ಬೇಕು. ಮೋಟರ್ ಹಚ್ಚಿದ ಮೊದಲ ನಿಮಿಷದ್ದು ಒಂದು, ಅರ್ಧ ಗಂಟೆ ಹರಿದ ಮೇಲಿನದ್ದು ಇನ್ನೊಂದು. ಮೊದಲನೆಯದರಲ್ಲಿ ಮಾತ್ರ ಇದ್ದರೆ ತೊಂದರೆ ಬೋರಿನ ಆಸುಪಾಸಿನ ಮೇಲಿನ ಪದರದಲ್ಲಿದೆ. ಎರಡರಲ್ಲೂ ಇದ್ದರೆ ಸೆಲೆಗೇ ತಲುಪಿದೆ.

ಸ್ಯಾಂಪಲ್ ಹಿಡಿಯುವುದರಲ್ಲೇ ಅರ್ಧ ಕೆಲಸ ಕೆಡುತ್ತದೆ. ನಾನೇ ಕೆಡಿಸಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೇ ತಿಂಗಳು, ರಾಯಚೂರಿನ ಬಿಸಿಲು. ಒಬ್ಬ ರೈತರ ಬೋರಿನ ನೀರನ್ನು ಮಿನರಲ್ ವಾಟರ್ ಬಾಟಲಿಗೆ ಮುಕ್ಕಾಲು ತುಂಬಿ ಜೀಪಿನ ಹಿಂದಿನ ಸೀಟಿಗೆ ಎಸೆದೆ. ಮೂರು ದಿನ ಬಿಟ್ಟು ಲ್ಯಾಬಿಗೆ ಕೊಟ್ಟೆ. ‘ಪತ್ತೆಯಾಗಿಲ್ಲ’ ಅಂತ ಬಂತು. ಪತ್ತೆಯಾಗುವುದು ಹೇಗೆ, ಇದ್ದದ್ದೆಲ್ಲ ಬಾಟಲಿಯ ಖಾಲಿ ಜಾಗಕ್ಕೆ ಹಾರಿತ್ತು, ಪ್ಲಾಸ್ಟಿಕ್ ಹೀರಿಕೊಂಡಿತ್ತು, ಮುಚ್ಚಳ ತೆಗೆದಾಗ ಹೊರಗೆ ಹೋಗಿತ್ತು. ಮರುತಿಂಗಳು ಸರಿಯಾಗಿ ಹಿಡಿದಾಗ ಬೆಂಜೀನ್ ಸಿಕ್ಕಿತು. ಅಷ್ಟರಲ್ಲಿ ಆ ರೈತರನ್ನು ಊರವರು ಸುಳ್ಳುಗಾರ ಅಂತ ಕರೆದಾಗಿತ್ತು.

ಸರಿಯಾದ ಬಾಟಲಿ ಬೆರಳುದ್ದದ ಗಾಜಿನ ಸೀಸೆ, 40 ಮಿಲಿಲೀಟರಿನದು. ಲ್ಯಾಬಿನವರೇ ಕೊಡುತ್ತಾರೆ. ಅದರೊಳಗೆ ಎರಡು ಹನಿ ಆಸಿಡ್ ಹಾಕಿಟ್ಟಿರುತ್ತಾರೆ, ಬ್ಯಾಕ್ಟೀರಿಯಾ ಬೆಂಜೀನನ್ನು ತಿನ್ನದಿರಲಿ ಅಂತ. ತೊಳೆಯಬೇಡಿ. ನೀರನ್ನು ಮಾಳಿಗೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನಿಂದ ಹಿಡಿಯಬೇಡಿ, ಬೋರಿನ ಬಾಯಿಯ ಹತ್ತಿರದ ನಲ್ಲಿಯಿಂದ ಹಿಡಿಯಿರಿ. ನಲ್ಲಿಯನ್ನು ಪೆನ್ಸಿಲ್ ದಪ್ಪಕ್ಕೆ ಇಳಿಸಿ. ಸೀಸೆಯನ್ನು ಓರೆ ಹಿಡಿದು ಒಳಗೋಡೆಗೆ ನೀರು ತಾಗಿ ಮೆಲ್ಲಗೆ ಇಳಿಯಲಿ, ನೊರೆ ಏಳಬಾರದು. ಬಾಯಿಯ ಮೇಲೆ ನೀರು ಗುಬ್ಬಿಯಂತೆ ಉಬ್ಬಿ ನಿಂತಾಗ ಮುಚ್ಚಳ ತಿರುಗಿಸಿ. ಈಗ ಸೀಸೆಯನ್ನು ತಲೆಕೆಳಗು ಮಾಡಿ ಬೆರಳಿಂದ ತಟ್ಟಿ ನೋಡಿ. ಒಂದು ಗುಳ್ಳೆ ಮೇಲೇರಿದರೂ ಆ ಸೀಸೆ ಬಿಡಿ, ಇನ್ನೊಂದು ಹಿಡಿಯಿರಿ. ಐಸ್ ಹಾಕಿದ ಡಬ್ಬಿಯಲ್ಲಿಟ್ಟು ಆದಷ್ಟು ಬೇಗ ಕಳಿಸಿ. ಆಸಿಡ್ ಹಾಕಿ ತಣ್ಣಗಿಟ್ಟದ್ದನ್ನು 14 ದಿನದೊಳಗೆ ಪರೀಕ್ಷೆ ಮಾಡಬೇಕು. ಸ್ಯಾಂಪಲ್ ಜೊತೆಗಿಟ್ಟುಕೊಂಡು ದಾರಿಯಲ್ಲಿ ಬೈಕಿಗೆ ಪೆಟ್ರೋಲ್ ಹಾಕಿಸಬೇಡಿ. ನಗಬೇಡಿ, ಎದುರು ಪಾರ್ಟಿಯ ವಕೀಲರು ಕೇಳುವ ಮೊದಲ ಪ್ರಶ್ನೆ ಅದೇ. ಒಂದು ಸೀಸೆಯಲ್ಲಿ ಶುದ್ಧ ನೀರು ತುಂಬಿ ಅದನ್ನೂ ಅದೇ ಡಬ್ಬಿಯಲ್ಲಿ ಕಳಿಸಿದರೆ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಲ್ಯಾಬುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ ಎನ್‌ಎಬಿಎಲ್. ನಿಮ್ಮ ಲ್ಯಾಬ್ ಅದರ ಮಾನ್ಯತೆ ಪಡೆದಿರಲಿ, ಅದೂ ಈ ಪರೀಕ್ಷೆಗೇ ಪಡೆದಿರಲಿ. ರಿಪೋರ್ಟ್ ಬಂದಾಗ ‘ಪತ್ತೆಯಾಗಿಲ್ಲ’ ಎಂಬ ಪದದ ಪಕ್ಕದಲ್ಲಿ ಅವರ ಯಂತ್ರದ ಮಿತಿ ಎಷ್ಟು ಅಂತ ನೋಡಿ. 50 ಮೈಕ್ರೋಗ್ರಾಂಗಿಂತ ಕೆಳಗೆ ಕಾಣದ ಯಂತ್ರ 10ರ ಮಿತಿಯ ಬಗ್ಗೆ ಏನೂ ಹೇಳಲಾರದು. ನಾಲ್ಕು ಹೆಸರುಗಳ ಪ್ರಮಾಣವೂ ಒಂದು ಕತೆ ಹೇಳುತ್ತದೆ. ಬೆಂಜೀನ್, ಟಾಲ್ವೀನ್ ಜಾಸ್ತಿ ಇದ್ದರೆ ಪೆಟ್ರೋಲ್ ಹೊಸದು, ಅಥವಾ ಮೂಲ ಹತ್ತಿರ. ಅವೆರಡು ಸೊರಗಿ ಜೈಲೀನ್ ಉಳಿದಿದ್ದರೆ ಹಳೆಯ ಸೋರಿಕೆ. ಬಿಟೆಕ್ಸ್ ತೀರಾ ಕಡಿಮೆ, ಭಾರದ ಎಣ್ಣೆ ಜಾಸ್ತಿ ಅಂದರೆ ಡೀಸೆಲ್. ಹಾಗೆ ಬಂದರೆ ಗ್ಯಾರೇಜಿನ ಕಡೆಗೂ ಒಂದು ಕಣ್ಣು ಹಾಕಿ.

ಬಂಕಿನವರ ಮಾತಿಗೆ ಬರೋಣ. ‘ಲೆಕ್ಕದಲ್ಲಿ ಒಂದು ಲೀಟರ್ ಹೆಚ್ಚು ಕಡಿಮೆ ಇಲ್ಲ.’ ಈ ಮಾತು ಕೇಳಿ ನನಗೆ ಸಮಾಧಾನ ಆಗಲಿಲ್ಲ, ಅನುಮಾನವೇ ಬಂತು. ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಒಂದು ಡಿಗ್ರಿಗೆ ಸಾವಿರಕ್ಕೆ ಒಂದು ಪಾಲಿನಷ್ಟು. ನಮ್ಮ ಬೇಸಿಗೆಯಲ್ಲಿ ಕಾದ ಟ್ಯಾಂಕರ್ 12,000 ಲೀಟರ್ ಇಳಿಸಿ, ಅದು ನೆಲದೊಳಗೆ ಹತ್ತು ಡಿಗ್ರಿ ತಣ್ಣಗಾದರೆ 120 ಲೀಟರ್ ಲೆಕ್ಕದಲ್ಲಿ ಮಾಯ. ಕಳ್ಳತನವೂ ಅಲ್ಲ, ಸೋರಿಕೆಯೂ ಅಲ್ಲ. ಅಂದ ಮೇಲೆ ದಿನಾ ಒಂದು ಲೀಟರ್ ಸಹ ತಪ್ಪದ ಲೆಕ್ಕವನ್ನು ಅಳೆದು ಬರೆದಿಲ್ಲ, ಕೂಡಿಸಿ ಬರೆದಿದ್ದಾರೆ ಅಂತಲೇ ನನ್ನ ಅಭಿಪ್ರಾಯ. ಈ ಏರಿಳಿತದ ಮರೆಯಲ್ಲಿ ಸಣ್ಣ ಸೋರಿಕೆ ಆರಾಮಾಗಿ ಅಡಗಿರುತ್ತದೆ. ಅಮೆರಿಕದ ನಿಯಮದಲ್ಲಿ ಟ್ಯಾಂಕ್ ಬಿಗಿತದ ಪರೀಕ್ಷೆ ಗಂಟೆಗೆ 0.1 ಗ್ಯಾಲನ್ ಸೋರಿಕೆಯನ್ನು ಹಿಡಿಯಬೇಕು. ಕೇಳಲು ಎಷ್ಟು ಸಣ್ಣದು! ದಿನಕ್ಕೆ 9 ಲೀಟರ್, ವರ್ಷಕ್ಕೆ 3,300 ಲೀಟರ್ ಆಯಿತು. ಅಲ್ಲಿ 1984ರಿಂದ ಈಚೆಗೆ ದೃಢಪಟ್ಟ ಸೋರಿಕೆಗಳೇ 5 ಲಕ್ಷ ದಾಟಿವೆ. ಅಲ್ಲಿನ ಟ್ಯಾಂಕು ಕೆಟ್ಟದ್ದು ಅಂತಲ್ಲ, ಅಲ್ಲಿ ಹುಡುಕಿದರು.

ಸೋರುವುದು ಟ್ಯಾಂಕೇ ಆಗಬೇಕಿಲ್ಲ. ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪಿನ ಜೋಡಣೆ, ಪಂಪಿನ ಕೆಳಗಿನ ಗುಂಡಿ, ಟ್ಯಾಂಕರ್ ಇಳಿಸುವಾಗ ತುಂಬಿ ಚೆಲ್ಲುವ ಬಾಯಿ, ಇವೆಲ್ಲ ದಾರಿಗಳೇ. ಟ್ಯಾಂಕಿನೊಳಗೆ ಮೋಟರ್ ಇಟ್ಟು ಒತ್ತಿ ಕಳಿಸುವ ವ್ಯವಸ್ಥೆಯಲ್ಲಿ ಪೈಪ್ ತೂತಾದರೆ ಪೆಟ್ರೋಲ್ ಹೊರಗೆ ಚಿಮ್ಮುತ್ತದೆ. ಮೇಲಿನಿಂದ ಎಳೆದುಕೊಳ್ಳುವ ಹಳೆಯ ಪಂಪಿನಲ್ಲಿ ಅದೇ ತೂತಿನಿಂದ ಗಾಳಿ ಒಳಗೆ ಬರುತ್ತದೆ, ಪಂಪು ಕೆಮ್ಮುತ್ತದೆ. ಅದು ಮುಚ್ಚಿಡಲಾಗದ ಕಾಯಿಲೆ, ಅಷ್ಟರಮಟ್ಟಿಗೆ ಒಳ್ಳೆಯದು.

ಬೆಳಿಗ್ಗೆ ಬಂಕಿನಲ್ಲಿ ಡಿಪ್ ಹಾಕುವುದನ್ನು ನೋಡಿರಬಹುದು. ಉದ್ದನೆಯ ಕೋಲಿನ ತುದಿಗೆ ಒಂದು ಪೇಸ್ಟ್ ಸವರಿ ಟ್ಯಾಂಕಿನ ತಳ ಮುಟ್ಟಿಸಿ ಎತ್ತುತ್ತಾರೆ. ತಳದಲ್ಲಿ ನೀರಿದ್ದರೆ ಅಷ್ಟು ಉದ್ದ ಪೇಸ್ಟಿನ ಬಣ್ಣ ತಿರುಗುತ್ತದೆ. ಮಳೆಗಾಲದಲ್ಲಿ ಪದೇ ಪದೇ ಬಣ್ಣ ತಿರುಗುತ್ತಿದ್ದರೆ ನೀರು ಒಳಗೆ ಬರಲು ಎಲ್ಲೋ ದಾರಿ ಇದೆ ಅಂತಾಯಿತು. ಮುಚ್ಚಳದ ಸಂದಿಯೂ ಇರಬಹುದು, ಟ್ಯಾಂಕಿನ ಮೈಯೂ ಇರಬಹುದು. ಟ್ಯಾಂಕಿನ ಮೈಯಾದರೆ ಮಳೆಗಾಲದಲ್ಲಿ ನೀರು ಒಳಗೆ ಬಂದ ದಾರಿಯಲ್ಲೇ ಬೇಸಿಗೆಯಲ್ಲಿ ಪೆಟ್ರೋಲ್ ಹೊರಗೆ ಹೋಗುತ್ತದೆ. ಗಂಗಾವತಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಇದು ಇನ್ನೂ ಜಾಸ್ತಿ. ಗದ್ದೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಅಂತರ್ಜಲ ಟ್ಯಾಂಕಿನ ಹೊಟ್ಟೆಗೇ ಬಂದು ತಾಗುತ್ತದೆ. ‘ಪೆಟ್ರೋಲಿನಲ್ಲಿ ನೀರು ಬಂತು’ ಅಂತ ಬೈಕಿನವರು ಜಗಳ ತೆಗೆದ ಬಂಕುಗಳ ಸುತ್ತಲಿನ ಬೋರುಗಳನ್ನು ನಾನಾದರೆ ಮೊದಲು ಪರೀಕ್ಷೆ ಮಾಡುತ್ತೇನೆ.

ಬಂಕಿನವರ ಜೊತೆ ಜಗಳ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಹೆಚ್ಚಿನ ಕಡೆ ಟ್ಯಾಂಕು, ಪಂಪು ಆಯಿಲ್ ಕಂಪನಿಯವು, ಡೀಲರದ್ದು ವ್ಯಾಪಾರ ಮಾತ್ರ. ಸೋರಿಕೆ ಇದ್ದರೆ ಅವರಿಗೂ ನಷ್ಟ. ಅವರ ಆವರಣದ ಬೋರಿನ ನೀರನ್ನು ಅವರ ಎದುರೇ ಸ್ಯಾಂಪಲ್ ತೆಗೆಯಲು ಕೇಳಿ. ಅಲ್ಲಿ ದುಡಿಯುವ ಹುಡುಗರು ಕುಡಿಯುವುದೂ ಅದೇ ನೀರು ಇರಬಹುದು.

ದೂರು ಬರೆಯಬೇಕಾದದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ. ಪ್ರತಿಯನ್ನು ಜಿಲ್ಲಾಧಿಕಾರಿಗೆ, ಪಂಚಾಯಿತಿ ಪಿಡಿಓಗೆ, ಆಯಿಲ್ ಕಂಪನಿಗೆ ಕೊಡಿ. ಟ್ಯಾಂಕಿನ ಲೈಸೆನ್ಸ್ ಕೊಡುವುದು ಪೆಸೋ, ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರ ಸಂಸ್ಥೆ. ಅವರಿಗೂ ಒಂದು ಪ್ರತಿ ಹೋಗಲಿ. ಪತ್ರದಲ್ಲಿ ಬೈಗುಳ ಬೇಡ, ಬೇಡಿಕೆ ಬರೆಯಿರಿ. ಟ್ಯಾಂಕು ಮತ್ತು ಪೈಪುಗಳ ಬಿಗಿತದ ಪರೀಕ್ಷೆ ಮಾಡಿಸಿ, ಟ್ಯಾಂಕ್ ಹೂತ ವರ್ಷ ತಿಳಿಸಿ, ಮೂರು ತಿಂಗಳ ಸ್ಟಾಕ್ ರಿಜಿಸ್ಟರ್ ನೋಡಿ, ವೀಕ್ಷಣಾ ಬಾವಿ ಕೊರೆಸಿ ಅಂತ. 2020ರ ಜನವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಸತಿ ಪ್ರದೇಶದಿಂದ 50 ಮೀಟರ್ ದೂರ ಅಂತ ಇದೆ. ಅದು ಹೊಸ ಬಂಕುಗಳಿಗೆ. ನೀವು 120 ಮೀಟರ್ ದೂರದಲ್ಲಿದ್ದೀರಿ, ಅದನ್ನು ಹಿಡಿದು ಹೋಗಬೇಡಿ. ವರ್ಷಗಟ್ಟಲೆ ಏನೂ ಆಗದಿದ್ದರೆ ಹಸಿರು ನ್ಯಾಯಮಂಡಳಿ ಇದೆ, ನಮ್ಮ ರಾಜ್ಯ ಚೆನ್ನೈ ಪೀಠಕ್ಕೆ ಸೇರುತ್ತದೆ. ಪರಿಹಾರ ಕೇಳಲು 5 ವರ್ಷದ ಗಡುವಿದೆ. ಆದರೆ ಅಲ್ಲಿಗೆ ಹೋಗುವ ಹೊತ್ತಿಗೆ ನಿಮ್ಮ ಕೈಯಲ್ಲಿ ಒಂದೇ ಒಂದು ರಿಪೋರ್ಟ್ ಇದ್ದರೆ ಪ್ರಯೋಜನವಿಲ್ಲ.

ಯಾಕೆಂದರೆ ಇದು ಒಂದು ಸಲ ನೋಡಿ ಹೇಳುವ ಕಾಯಿಲೆ ಅಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ತೇಲುವ ಪೆಟ್ರೋಲ್ ಅದರ ಬೆನ್ನಿಗೇ ಕೆಳಗಿನ ಬಿರುಕುಗಳಿಗೆ ಇಳಿಯುತ್ತದೆ. ಮಳೆ ಬಂದು ನೀರು ಏರಿದಾಗ ಒಂದಿಷ್ಟು ಪೆಟ್ರೋಲ್ ಕೆಳಗೇ ಸಿಕ್ಕಿಕೊಂಡು ಕರಗುತ್ತಾ ಇರುತ್ತದೆ. ಒಂದೇ ಬೋರು ಮೇ ತಿಂಗಳಲ್ಲಿ ಒಂದು ಉತ್ತರ, ನವೆಂಬರಿನಲ್ಲಿ ಇನ್ನೊಂದು ಉತ್ತರ ಕೊಡುತ್ತದೆ. ಕಡಿಮೆಯೆಂದರೆ ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ, ಎರಡು ವರ್ಷ ಅದೇ ಬೋರು, ಅದೇ ಸೀಸೆ, ಅದೇ ಲ್ಯಾಬ್. ಬಂಕಿನ ಸುತ್ತ ಕೊರೆಸುವ ವೀಕ್ಷಣಾ ಬಾವಿಯೂ ನಿಮ್ಮ ಬೋರಿನಂತೆ 280 ಅಡಿ ಬೇಡ. ನೀರಿನ ಮಟ್ಟ ಏರಿಳಿಯುವ ಜಾಗದಲ್ಲೇ ತೂತಿನ ಪೈಪ್ ಇರಬೇಕು, ಇಲ್ಲದಿದ್ದರೆ ತೇಲುವ ಪದರ ಪೈಪಿನ ಹೊರಗೇ ಉಳಿದು ‘ಏನೂ ಇಲ್ಲ’ ಅಂತ ಬರುತ್ತದೆ. ನೀರು ಬರುವ ಕಡೆ ಒಂದು, ಹೋಗುವ ಕಡೆ ಎರಡಾದರೂ ಇರಲಿ.

ಈ ನಡುವೆ ಮಾಡಬಾರದ್ದು ಕೆಲವಿವೆ. ಬ್ಲೀಚಿಂಗ್ ಪುಡಿ ಸುರಿಯಬೇಡಿ, ಅದು ಕ್ರಿಮಿಗೆ, ಪೆಟ್ರೋಲಿಗಲ್ಲ. ಕಂಪ್ರೆಸರ್ ತರಿಸಿ ಬೋರ್ ಫ್ಲಶಿಂಗ್ ಮಾಡಿಸಬೇಡಿ. ಮುಖ್ಯವಾಗಿ, ‘ಇನ್ನೂ ನೂರಡಿ ಇಳಿಸಿದರೆ ಒಳ್ಳೆ ನೀರು ಸಿಗುತ್ತದೆ’ ಎನ್ನುವವರ ಮಾತು ಕೇಳಬೇಡಿ. ಮೇಲಿನ ಕೊಳೆಗೆ ಕೆಳಗಿನ ಒಳ್ಳೆಯ ಸೆಲೆಗೆ ಇಳಿಯಲು ನೀವೇ ಮೆಟ್ಟಿಲು ಕಟ್ಟಿದಂತೆ ಆಗುತ್ತದೆ.

ಇಂದಿನಿಂದ ಒಂದು ನೋಟ್‌ಬುಕ್ ಇಡಿ. ತಾರೀಖು, ವಾಸನೆ ಇತ್ತೋ ಇಲ್ಲವೋ, ಎಷ್ಟು ನಿಮಿಷ ಇತ್ತು, ಹಿಂದಿನ ದಿನ ಮಳೆ ಬಂದಿತ್ತಾ, ಬಂಕಿಗೆ ಟ್ಯಾಂಕರ್ ಬಂದಿತ್ತಾ. ಎರಡು ಸಾಲು ಸಾಕು. ಬೋರಿಗೆ ಎಷ್ಟು ಅಡಿ ಕೇಸಿಂಗ್ ಇಳಿಸಿದ್ದಾರೆ ಅಂತ ನೀವು ಬರೆದಿಲ್ಲ. ರಿಗ್ಗಿನವರು ಕೊಟ್ಟ ಬಿಲ್ಲಿನಲ್ಲಿ ಇರುತ್ತದೆ, ಹುಡುಕಿ ತಿಳಿಸಿ. 40 ಅಡಿಗಿಂತ ಕಡಿಮೆ ಇದ್ದರೆ ನಾನು ಮೇಲೆ ಹೇಳಿದ್ದರಲ್ಲಿ ಮೊದಲ ನಿಮಿಷದ ಸ್ಯಾಂಪಲ್ಲನ್ನು ಈ ವಾರವೇ ತೆಗೆಸಿ.